ಜಾಲ ಕಳಚಿದ ನಕಲು ಯಂತ್ರ: ಒಂದು ದುರಸ್ತಿ ವಿದ್ಯೆಯ ಚರಿತ್ರೆ

ಕಚೇರಿಯ ನಕಲು ಯಂತ್ರ ನೆಟ್‌ವರ್ಕಿನಿಂದ ಕಳಚಿಕೊಂಡಾಗ, ಎಂದರೆ ಕಂಪ್ಯೂಟರಿನಿಂದ ಕಳಿಸಿದ ಪುಟ ಯಂತ್ರವನ್ನು ಮುಟ್ಟದೆ ಹೋದಾಗ ಅಥವಾ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಕಾಗದ ಕಂಪ್ಯೂಟರಿಗೆ ಬಾರದೆ ನಿಂತಾಗ, ದುರಸ್ತಿಗೆ ಬಂದವರು ಅನುಸರಿಸುವ ಕ್ರಮ ಇಂದು ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ ಆಗಿದೆ. ಮೊದಲು ಕೇಬಲ್ಲನ್ನೂ ಅದು ಕೂಡುವಲ್ಲಿ ಹೊಳೆಯುವ ಪುಟ್ಟ ದೀಪವನ್ನೂ ನೋಡುತ್ತಾರೆ. ಆಮೇಲೆ ಯಂತ್ರದ ವಿಳಾಸವನ್ನು ಪರೀಕ್ಷಿಸಿ, ಆ ವಿಳಾಸಕ್ಕೆ ಕರೆ ಕಳಿಸಿ ಮರುದನಿ ಬರುತ್ತದೆಯೇ ಎಂದು ಕಾಯುತ್ತಾರೆ. ಕಟ್ಟಕಡೆಗೆ ಯಂತ್ರವೂ ಕಂಪ್ಯೂಟರೂ ಒಂದೇ ಸಂವಹನ ನಿಯಮವನ್ನು ಪಾಲಿಸುತ್ತಿವೆಯೇ ಎಂಬುದನ್ನು ವಿಚಾರಿಸುತ್ತಾರೆ. ಈ ಕ್ರಮವನ್ನು ಯಾವುದೇ ಒಂದು ಸಂಸ್ಥೆ ಕುಳಿತು ರೂಪಿಸಲಿಲ್ಲ. ಇದರ ಒಂದೊಂದು ಹಂತವೂ ಬೇರೆ ಬೇರೆ ದಶಕದಲ್ಲಿ, ಬೇರೆ ಬೇರೆ ಜನರ ಕೈಯಲ್ಲಿ, ನಕಲು ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆಯೇ ಹುಟ್ಟಿಬಂದಿದೆ. ಯಂತ್ರದ ಒಡಲೊಳಗಿನ ಕೆಡುಕನ್ನು ಕಂಡುಹಿಡಿಯಲು ಮೂರು ದಶಕ ಪಳಗಿದ್ದ ಒಂದು ಕಸುಬು, ಕೆಡುಕು ಯಂತ್ರದಿಂದ ಹೊರಗೆ, ಎರಡು ಕಸುಬುಗಳ ನಡುವಣ ಜಾಗಕ್ಕೆ ಸರಿದಾಗ ಏನಾಯಿತು ಎಂಬುದೇ ಈ ಚರಿತ್ರೆಯ ತಿರುಳು.

ಒಣ ನಕಲಿನ ವಿದ್ಯೆ ಆರಂಭವಾದದ್ದು 1938ರ ಅಕ್ಟೋಬರ್ 22ರಂದು, ನ್ಯೂಯಾರ್ಕ್ ನಗರದ ಅಸ್ಟೋರಿಯಾ ಎಂಬ ಬಡಾವಣೆಯ ಕೊಠಡಿಯೊಂದರಲ್ಲಿ. ಕಂಪನಿಯೊಂದರ ಪೇಟೆಂಟ್ ವಿಭಾಗದ ಕೆಲಸದಲ್ಲಿ ಕಾಗದಗಳ ಪ್ರತಿ ತೆಗೆಯುವ ಕಷ್ಟವನ್ನು ಕಂಡುಂಡಿದ್ದ ಚೆಸ್ಟರ್ ಕಾರ್ಲ್‌ಸನ್, ತನ್ನ ಸಹಾಯಕ ಒಟ್ಟೊ ಕೊರ್ನೈ ಜೊತೆಗೂಡಿ, ಗಂಧಕ ಲೇಪಿಸಿದ ಸತುವಿನ ಫಲಕವನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶ ತುಂಬಿ, ಬೆಳಕು ಬಿದ್ದ ಕಡೆ ಆವೇಶ ಅಳಿಯುವಂತೆಯೂ ಅಕ್ಷರದ ನೆರಳು ಬಿದ್ದ ಕಡೆ ಉಳಿಯುವಂತೆಯೂ ಮಾಡಿ, ಉಳಿದ ಆವೇಶಕ್ಕೆ ಪುಡಿ ಅಂಟಿಸಿ ಅದನ್ನು ಕಾಗದಕ್ಕೆ ಇಳಿಸಿದರು. ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳು ತಿರಸ್ಕರಿಸಿದ ಈ ವಿದ್ಯೆಯನ್ನು ಒಹಾಯೊದ ಬ್ಯಾಟೆಲ್ ಸಂಶೋಧನಾ ಸಂಸ್ಥೆ 1944ರಲ್ಲಿ ಕೈಗೆತ್ತಿಕೊಂಡಿತು. ರಾಚೆಸ್ಟರಿನ ಹ್ಯಾಲಾಯ್ಡ್ ಎಂಬ ಕಾಗದದ ಕಂಪನಿ, ಮುಂದೆ ಜೆರಾಕ್ಸ್ ಎಂದು ಹೆಸರಾದದ್ದು, 1959ರಲ್ಲಿ ಅದನ್ನು 914 ಎಂಬ ಯಂತ್ರವಾಗಿ ಮಾರುಕಟ್ಟೆಗೆ ತಂದಿತು. ಸುಮಾರು 290 ಕಿಲೋ ತೂಗುತ್ತಿದ್ದ ಈ ಯಂತ್ರವನ್ನು ಬಹುಪಾಲು ಕಚೇರಿಗಳು ಕೊಳ್ಳಲಿಲ್ಲ, ತಿಂಗಳಿಗೆ 95 ಡಾಲರಿನ ಬಾಡಿಗೆಗೆ ಪಡೆದವು. ಮೊದಲ 2,000 ಪ್ರತಿಗಳ ನಂತರ ಪ್ರತಿಯೊಂದು ನಕಲಿಗೂ ಮೀಟರ್ ಓಡುತ್ತಿತ್ತು. ಈ ಬಾಡಿಗೆಯ ಏರ್ಪಾಡು ದುರಸ್ತಿಯ ಚರಿತ್ರೆಯನ್ನೇ ನಿರ್ಧರಿಸಿತು. ಯಂತ್ರ ನಿಂತರೆ ಮೀಟರೂ ನಿಲ್ಲುತ್ತಿದ್ದುದರಿಂದ ಅದು ಕೆಟ್ಟು ನಿಂತ ಪ್ರತಿಯೊಂದು ಗಂಟೆಯೂ ಕಂಪನಿಯದೇ ನಷ್ಟವಾಯಿತು, ಆದ್ದರಿಂದ ಕಂಪನಿ ತನ್ನದೇ ದುರಸ್ತಿಗಾರರ ದೊಡ್ಡ ಪಡೆಯನ್ನು ಊರೂರಿನಲ್ಲಿ ನಿಲ್ಲಿಸಬೇಕಾಯಿತು.

ಆ ಪಡೆಯ ಜ್ಞಾನ ಹೇಗಿತ್ತು ಎಂಬುದಕ್ಕೆ ಅಪರೂಪದ ದಾಖಲೆಯೊಂದು ಉಳಿದಿದೆ. ಮಾನವಶಾಸ್ತ್ರಜ್ಞ ಜೂಲಿಯನ್ ಓರ್ 1980ರ ದಶಕದಲ್ಲಿ ಜೆರಾಕ್ಸ್ ದುರಸ್ತಿಗಾರರ ಜೊತೆಗೇ ತಿರುಗಿ, ಅವರ ಕೆಲಸವನ್ನೂ ಮಾತನ್ನೂ ಗಮನಿಸಿ ಬರೆದ ಅಧ್ಯಯನ 1996ರಲ್ಲಿ ಪುಸ್ತಕವಾಗಿ ಬಂದಿತು. ಕಂಪನಿ ಕೊಟ್ಟ ಕೈಪಿಡಿ ‘ಈ ದೋಷಸಂಕೇತ ಕಂಡರೆ ಈ ಭಾಗ ಬದಲಿಸಿ’ ಎಂಬ ರೀತಿಯಲ್ಲಿ ನೇರ ದಾರಿ ತೋರುತ್ತಿತ್ತು. ಆದರೆ ಸಂಕೇತ ಬೆರಳು ಮಾಡಿದ ಭಾಗ ಒಂದು, ನಿಜವಾಗಿ ಕೆಟ್ಟ ಭಾಗ ಇನ್ನೊಂದು ಆಗಿರುವ ಪ್ರಸಂಗಗಳು ಮತ್ತೆ ಮತ್ತೆ ಎದುರಾಗುತ್ತಿದ್ದವು. ಅಂಥಲ್ಲಿ ದುರಸ್ತಿಗಾರರು ನೆಚ್ಚಿದ್ದು ಉಪಾಹಾರದ ಮೇಜಿನಲ್ಲಿ ಪರಸ್ಪರ ಹೇಳಿಕೊಂಡ ಕಥೆಗಳನ್ನು: ಯಾವ ಊರಿನ ಯಾವ ಯಂತ್ರ ಹೇಗೆ ಮೋಸಮಾಡಿತು, ಅದನ್ನು ಯಾರು ಹೇಗೆ ಹಿಡಿದರು ಎಂಬ ವಿವರಗಳನ್ನು. ಓರ್ ತೋರಿಸಿದಂತೆ ಈ ಹರಟೆ ಕೆಲಸದ ಬಿಡುವಿನ ಮಾತಾಗಿರದೆ ಕೆಲಸದ ಒಂದು ಅಂಗವೇ ಆಗಿತ್ತು. ಈ ತಿಳಿವಳಿಕೆಯಿಂದಲೇ ಜೆರಾಕ್ಸ್ 1990ರ ದಶಕದಲ್ಲಿ ದುರಸ್ತಿಗಾರರು ತಾವು ಕಂಡುಕೊಂಡ ಉಪಾಯಗಳನ್ನು ತಾವೇ ಬರೆದು ಹಂಚಿಕೊಳ್ಳುವ ‘ಯುರೇಕಾ’ ಎಂಬ ಸಂಗ್ರಹವನ್ನು ಕಟ್ಟಿತು. ಇದೇ ಸಂಸ್ಥೆಯ ಲೂಸಿ ಸಚ್‌ಮನ್ ಬಳಕೆದಾರರ ಕಡೆಯಿಂದ ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ಕೃತಕ ಬುದ್ಧಿಮತ್ತೆಯ ಪ್ರವರ್ತಕರಲ್ಲೊಬ್ಬರಾದ ಅಲೆನ್ ನ್ಯೂವೆಲ್ ಮತ್ತು ಭಾಷಾವಿಜ್ಞಾನಿ ರೊನಾಲ್ಡ್ ಕಾಪ್ಲನ್, ಎರಡೂ ಬದಿಯ ನಕಲು ತೆಗೆಯಲು ಯಂತ್ರವೊಂದರ ಮುಂದೆ ಪರದಾಡುವ ಚಿತ್ರಣ ಅವರ ಸಂಶೋಧನೆಯ ಭಾಗವಾಗಿ ಪ್ರಸಿದ್ಧವಾಯಿತು. ಯಂತ್ರ ಊಹಿಸಿಕೊಂಡ ಸನ್ನಿವೇಶಕ್ಕೂ ಮನುಷ್ಯ ನಿಂತ ಸನ್ನಿವೇಶಕ್ಕೂ ಇರುವ ಅಂತರವನ್ನು ಸಚ್‌ಮನ್ 1987ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಯಂತ್ರ ಒಂಟಿಯಾಗಿದ್ದ ಕಾಲದಲ್ಲೇ ಇಷ್ಟು ಅಂತರವಿತ್ತು ಎಂಬುದನ್ನು ಮುಂದಿನ ಕಥೆ ಓದುವಾಗ ನೆನಪಿನಲ್ಲಿಡಬೇಕು.

ನಕಲು ಯಂತ್ರಕ್ಕೆ ನೆಟ್‌ವರ್ಕ್ ಹೊರಗಿನಿಂದ ಬಂದು ಅಂಟಿಕೊಂಡಿತು ಎಂಬ ಭಾವನೆ ಸಾಮಾನ್ಯವಾಗಿದೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಜೆರಾಕ್ಸ್ ಸಂಸ್ಥೆಯ ಗ್ಯಾರಿ ಸ್ಟಾರ್ಕ್‌ವೆದರ್, ಮೂಲ ಕಾಗದದ ಬದಲು ಲೇಸರ್ ಕಿರಣವೇ ಅಕ್ಷರಗಳನ್ನು ಆವೇಶ ತುಂಬಿದ ಡ್ರಮ್ಮಿನ ಮೇಲೆ ಬರೆಯಬಹುದು ಎಂಬ ತಮ್ಮ ಕಲ್ಪನೆಗೆ ನ್ಯೂಯಾರ್ಕ್ ರಾಜ್ಯದ ಪ್ರಯೋಗಾಲಯದಲ್ಲಿ ಬೆಂಬಲ ಸಿಗದೆ, 1971ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಸಂಶೋಧನಾ ಕೇಂದ್ರಕ್ಕೆ ಹೋಗಿ, ಜೆರಾಕ್ಸ್ 7000 ಎಂಬ ನಕಲು ಯಂತ್ರವನ್ನೇ ಮಾರ್ಪಡಿಸಿ ಮೊದಲ ಲೇಸರ್ ಮುದ್ರಣ ಯಂತ್ರವನ್ನು ಸಿದ್ಧಮಾಡಿದರು. ಸೆಕೆಂಡಿಗೆ ಒಂದು ಪುಟದ ವೇಗದಲ್ಲಿ ಮುದ್ರಿಸಬಲ್ಲ ಆ ಯಂತ್ರಕ್ಕೆ ಆ ಕಾಲದ ತಂತಿಗಳ ಮೂಲಕ ಅಷ್ಟೇ ವೇಗವಾಗಿ ಪುಟಗಳನ್ನು ಉಣಿಸುವುದು ಅಸಾಧ್ಯವಾಗಿತ್ತು. ಕೇಂದ್ರದಲ್ಲಿ ತಯಾರಾಗುತ್ತಿದ್ದ ಆಲ್ಟೊ ಎಂಬ ಕಂಪ್ಯೂಟರುಗಳೆಲ್ಲ ಆ ಒಂದು ಯಂತ್ರವನ್ನು ಹಂಚಿಕೊಳ್ಳಬೇಕೆಂಬುದೂ ಯೋಜನೆಯ ಭಾಗವಾಗಿತ್ತು. ಈ ಅಗತ್ಯಕ್ಕೆ ಉತ್ತರವಾಗಿ ರಾಬರ್ಟ್ ಮೆಟ್‌ಕಾಫ್ 1973ರ ಮೇ 22ರಂದು ಟಿಪ್ಪಣಿಯೊಂದನ್ನು ಬರೆದರು. ಡೇವಿಡ್ ಬಾಗ್ಸ್ ಜೊತೆ ಅವರು ಕಟ್ಟಿದ ವ್ಯವಸ್ಥೆಯೇ ಈಥರ್ನೆಟ್, ಎಂದರೆ ಒಂದೇ ಕಟ್ಟಡದ ಕಂಪ್ಯೂಟರುಗಳು ಒಂದು ಸಮಾನ ಕೇಬಲ್ಲಿನ ಮೇಲೆ, ಅದು ಬಿಡುವಾಗಿದೆಯೇ ಎಂದು ಆಲಿಸಿ, ತಮ್ಮ ಮಾಹಿತಿಯನ್ನು ಪೊಟ್ಟಣಗಳಾಗಿ ಕಳಿಸುವ ರೀತಿ. ಸೆಕೆಂಡಿಗೆ 29.4 ಲಕ್ಷ ಬಿಟ್‌ಗಳನ್ನು ಸಾಗಿಸುತ್ತಿದ್ದ ಆ ಮೊದಲ ಜಾಲದ ಹುಟ್ಟಿಗೆ ಕಾರಣವಾದ ಅಗತ್ಯಗಳಲ್ಲಿ ಮಾರ್ಪಟ್ಟ ನಕಲು ಯಂತ್ರವೊಂದಕ್ಕೆ ಪುಟ ತಲುಪಿಸುವುದು ಮುಖ್ಯವಾದದ್ದು. ಆದರೂ ಸಂಶೋಧನಾ ಕೇಂದ್ರದಲ್ಲಿ ಒಂದೇ ಸೂರಿನಡಿ ಹುಟ್ಟಿದ ಯಂತ್ರ ಮತ್ತು ಜಾಲ ಮಾರುಕಟ್ಟೆಯಲ್ಲಿ ಎರಡು ದಾರಿ ಹಿಡಿದವು: ನಕಲು ಯಂತ್ರ ಮೀಟರು ಮತ್ತು ಸೇವಾ ಪಡೆಗಳ ಲೋಕದಲ್ಲೇ ಉಳಿಯಿತು, ಈಥರ್ನೆಟ್ 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಸಂಸ್ಥೆಗಳ ಜಂಟಿ ಮಾನದಂಡವಾಗಿ, 1983ರಲ್ಲಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘದ ಮಾನದಂಡವಾಗಿ ಕಂಪ್ಯೂಟರಿನವರ ಸ್ವತ್ತಾಯಿತು. ಇವೆರಡು ಮತ್ತೆ ಕೂಡಿದ್ದು 1990ರ ದಶಕದಲ್ಲಿ, ನಿಮಿಷಕ್ಕೆ 135 ಪುಟ ಮುದ್ರಿಸುತ್ತಿದ್ದ 1990ರ ಡಾಕ್ಯುಟೆಕ್‌ನಂಥ ಯಂತ್ರಗಳು ನಕಲನ್ನು ಕನ್ನಡಿ ಮಸೂರಗಳ ಕೆಲಸದಿಂದ ಅಂಕಿಗಳ ಕೆಲಸಕ್ಕೆ ಬದಲಿಸಿದ ಮೇಲೆ. ಆ ಹೊತ್ತಿಗೆ ಎರಡು ಕಡೆಯ ದುರಸ್ತಿಗಾರರು ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಷ್ಟು ದೂರ ಸರಿದಿದ್ದರು.

ಜಾಲಕ್ಕೆ ಸೇರಿದ ಯಂತ್ರ ತನ್ನ ಸ್ಥಿತಿಯನ್ನು ದೂರದವರಿಗೆ ತಿಳಿಸಬೇಕು ಎಂಬ ಬೇಡಿಕೆ ಅದಕ್ಕೂ ಹಿಂದಿನದು. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್, ಹಳೆಯ ಮುದ್ರಣ ಯಂತ್ರದ ಕಾಗದ ಸಿಕ್ಕಿಕೊಂಡಾಗ ಕಾಯುತ್ತಿರುವ ಎಲ್ಲರ ಪರದೆಗೂ ಸುದ್ದಿ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದಿದ್ದರು. 1980ರ ಸುಮಾರಿಗೆ ಜೆರಾಕ್ಸ್ ಕೊಡುಗೆಯಾಗಿ ಕೊಟ್ಟ ಹೊಸ ಲೇಸರ್ ಯಂತ್ರದ ಮೂಲ ಸಂಕೇತ ಅವರಿಗೆ ಸಿಗಲಿಲ್ಲ. ಅದನ್ನು ಹೊಂದಿದ್ದವರು ಗೋಪ್ಯತೆಯ ಒಪ್ಪಂದದ ಕಾರಣ ಕೊಡಲು ಒಪ್ಪಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಅವರು ಸಾರಿದ ಗ್ನೂ ಯೋಜನೆಗೆ, ಆ ಮೂಲಕ ಮುಕ್ತ ತಂತ್ರಾಂಶದ ಚಳವಳಿಗೆ, ಈ ಅನುಭವವೂ ಒಂದು ಪ್ರೇರಣೆಯಾಯಿತು. ಯಂತ್ರ ತನ್ನ ಕಾಗದ, ಶಾಯಿಪುಡಿ, ದೋಷಗಳ ಸ್ಥಿತಿಯನ್ನು ಹೇಳುವ ಸರ್ವಸಮ್ಮತ ರೀತಿ ಬಂದದ್ದು ನಿಧಾನವಾಗಿ: ಜಾಲದ ಸಾಧನಗಳನ್ನು ವಿಚಾರಿಸುವ ಎಸ್‌ಎನ್‌ಎಂಪಿ ಎಂಬ ನಿಯಮ 1988ರಲ್ಲಿಯೂ, ಮುದ್ರಣ ಯಂತ್ರಗಳು ಆ ವಿಚಾರಣೆಗೆ ಉತ್ತರಿಸಬೇಕಾದ ಅಂಶಗಳ ಪಟ್ಟಿ 1995ರಲ್ಲಿಯೂ ಪ್ರಕಟವಾದವು. ಈ ಉಪಕಾರಕ್ಕೂ ಒಂದು ತೊಡಕು ಅಂಟಿಕೊಂಡು ಬಂದಿದೆ. ವಿಂಡೋಸ್ ಕಂಪ್ಯೂಟರು ಯಂತ್ರದ ಸ್ಥಿತಿ ತಿಳಿಯಲು ಇದೇ ನಿಯಮವನ್ನು ಬಳಸುವಾಗ, ವಿಚಾರಣೆಯ ಗುರುತುಪದ ಹೊಂದದಿದ್ದರೆ ಅಥವಾ ಯಾರಾದರೂ ಭದ್ರತೆಗೆಂದು ಅದನ್ನು ಮುಚ್ಚಿದ್ದರೆ, ಯಂತ್ರ ಸಂಪೂರ್ಣ ಆರೋಗ್ಯದಲ್ಲಿದ್ದರೂ ಪರದೆಯ ಮೇಲೆ ‘ಆಫ್‌ಲೈನ್’ ಎಂಬ ಮಾತು ಮೂಡುತ್ತದೆ. ಪಳಗದ ದುರಸ್ತಿಗಾರ ಆಗ ಕೆಡದ ಯಂತ್ರವನ್ನು ಬಿಚ್ಚಲು ತೊಡಗುತ್ತಾನೆ. ಓರ್ ಕಂಡ ಮೋಸದ ದೋಷಸಂಕೇತ ಇಲ್ಲಿ ಜಾಲದ ರೂಪದಲ್ಲಿ ಮರಳಿ ಬಂದಿದೆ.

ಮೊದಲ ಹಂತದ ಆ ದೀಪ 1990ರ ಕೊಡುಗೆ. ಅದಕ್ಕೆ ಮೊದಲು ಈಥರ್ನೆಟ್ ಒಂದೇ ಉದ್ದನೆಯ ದಪ್ಪ ಕೇಬಲ್ಲಿನ ಮೇಲೆ, 500 ಮೀಟರಿನವರೆಗೆ ಎಳೆದು, ಎರಡೂ ತುದಿಗೆ ವಿದ್ಯುತ್ ರೋಧಕ ಸಿಕ್ಕಿಸಿ ನಡೆಯುತ್ತಿತ್ತು. ತೆಳು ಕೇಬಲ್ಲಿನ ಅಗ್ಗದ ರೂಪದಲ್ಲಿ ಈ ಮಿತಿ 185 ಮೀಟರ್. ತುದಿಯ ರೋಧಕ ಕಳಚಿದರೆ ಅಥವಾ ನಡುವೆ ಎಲ್ಲಾದರೂ ತಂತಿ ಕಡಿದರೆ ಇಡೀ ಮಹಡಿಯೇ ಮೌನವಾಗುತ್ತಿದ್ದುದರಿಂದ, ಒಂದು ಯಂತ್ರಕ್ಕೆ ಮಾತ್ರ ಸಂಬಂಧಿಸಿದ ಕೇಬಲ್ ದೋಷ ಎಂಬ ಕಲ್ಪನೆಗೇ ಹೆಚ್ಚು ಅರ್ಥವಿರಲಿಲ್ಲ. 1990ರ ಮಾನದಂಡ ಟೆಲಿಫೋನಿನ ರೀತಿಯ ಹೆಣೆದ ತಂತಿಯನ್ನು ಬಳಸಿ, ಪ್ರತಿ ಯಂತ್ರಕ್ಕೂ ಕೇಂದ್ರ ಪೆಟ್ಟಿಗೆಯಿಂದ 100 ಮೀಟರಿನೊಳಗೆ ಪ್ರತ್ಯೇಕ ಎಳೆ ಕೊಟ್ಟಿತು. ಎರಡು ತುದಿಗಳೂ ಕೆಲಸವಿಲ್ಲದ ಹೊತ್ತಿನಲ್ಲಿಯೂ ಸಣ್ಣ ಮಿಡಿತಗಳನ್ನು ಕಳಿಸಿಕೊಳ್ಳುತ್ತ, ಮಿಡಿತ ಮುಟ್ಟಿದರೆ ದೀಪ ಹೊತ್ತಿಸುವ ಏರ್ಪಾಡೂ ಅದರೊಂದಿಗೆ ಬಂದಿತು. ದೋಷವನ್ನು ಒಂದು ಎಳೆಗೆ ಸೀಮಿತಗೊಳಿಸಿದ್ದು ದುರಸ್ತಿಯ ದೃಷ್ಟಿಯಿಂದ ಈ ಇಡೀ ಚರಿತ್ರೆಯ ಅತ್ಯಂತ ದೊಡ್ಡ ಉಪಕಾರವೆನ್ನಬೇಕು. ದೀಪ ಹೇಳದ ಸಂಗತಿಗಳೂ ಇವೆ. 1995ರಲ್ಲಿ ವೇಗ ಹತ್ತು ಪಟ್ಟಾದಾಗ ಎರಡು ತುದಿಗಳು ವೇಗವನ್ನೂ, ಏಕಕಾಲದಲ್ಲಿ ಎರಡೂ ದಿಕ್ಕಿಗೆ ಮಾತಾಡುವುದೋ ಸರದಿಯಲ್ಲಿ ಮಾತಾಡುವುದೋ ಎಂಬುದನ್ನೂ ತಾವೇ ಒಪ್ಪಂದ ಮಾಡಿಕೊಳ್ಳುವ ಪದ್ಧತಿ ಜಾರಿಗೆ ಬಂದಿತು. ಒಂದು ತುದಿಯಲ್ಲಿ ಯಾರಾದರೂ ಕೈಯಿಂದ ಬಿಗಿದು, ಇನ್ನೊಂದನ್ನು ಒಪ್ಪಂದಕ್ಕೆ ಬಿಟ್ಟರೆ, ದೀಪ ಹೊಳೆಯುತ್ತಲೇ ಇದ್ದು, ಒಂದೆರಡು ಸಾಲಿನ ಪತ್ರ ಸರಾಗವಾಗಿ ಮುದ್ರಣವಾಗಿ, ಚಿತ್ರಗಳಿರುವ ದೊಡ್ಡ ಕಡತ ಮಾತ್ರ ಅರ್ಧಕ್ಕೆ ನಿಂತು ತೆವಳುತ್ತದೆ.

ವಿಳಾಸದ ಹಂತವೇ ಅತಿ ಹೆಚ್ಚು ತೊಡಕಿನದು, ಏಕೆಂದರೆ ಇಲ್ಲಿ ಮೂರು ಕಾಲಘಟ್ಟಗಳು ಒಂದರ ಮೇಲೊಂದು ಕುಳಿತಿವೆ. ಜಾಲದ ಪ್ರತಿ ಸಾಧನಕ್ಕೂ ನಾಲ್ಕು ಸಂಖ್ಯೆಗಳ ಐಪಿ ವಿಳಾಸವಿದ್ದು, ಆ ವಿಳಾಸ ಯಾವ ಯಂತ್ರಾಂಶಕ್ಕೆ ಸೇರಿದ್ದು ಎಂದು ಜಾಲದಲ್ಲೆಲ್ಲ ಕೂಗಿ ಕೇಳುವ ಎಆರ್‌ಪಿ ಎಂಬ ನಿಯಮ 1982ರಲ್ಲಿ ಬಂದಿತು. ವಿಳಾಸಗಳನ್ನು ಆಗ ಒಬ್ಬ ಮನುಷ್ಯ ಪಟ್ಟಿಯಿಟ್ಟುಕೊಂಡು ಪ್ರತಿ ಯಂತ್ರಕ್ಕೂ ಕೈಯಿಂದ ಬರೆಯುತ್ತಿದ್ದ. ಮೊದಲ ತಲೆಮಾರಿನ ಜಾಲದ ನಕಲು ಯಂತ್ರಗಳು ಈ ಪದ್ಧತಿಯಲ್ಲೇ ನೆಲೆಗೊಂಡವು. 1993ರಲ್ಲಿ ಡಿಎಚ್‌ಸಿಪಿ ಬಂದಿತು. ಇದರಲ್ಲಿ ಸಾಧನ ಚಾಲೂ ಆದೊಡನೆ ವಿಳಾಸ ಕೇಳುತ್ತದೆ, ಜಾಲದಲ್ಲಿರುವ ವಿತರಕ ತನ್ನ ಸಂಗ್ರಹದಿಂದ ಒಂದನ್ನು ಅವಧಿಯ ಕರಾರಿನ ಮೇಲೆ ಕೊಡುತ್ತಾನೆ. ಜೇಬಿನಲ್ಲಿ ಬಂದು ಹೋಗುವ ಫೋನುಗಳಿಗೆ ಇದು ಸೊಗಸಾದ ವ್ಯವಸ್ಥೆ. ಹತ್ತಾರು ಕಂಪ್ಯೂಟರುಗಳು ಒಂದೇ ನೆಲೆಯಲ್ಲಿ ಹುಡುಕಿಬರುವ ನಕಲು ಯಂತ್ರಕ್ಕೆ ಅಪಾಯಕಾರಿ. ದೀರ್ಘ ರಜೆಯಲ್ಲಿ ಯಂತ್ರ ಆರಿದ್ದು ಕರಾರು ಮುಗಿದು ಬೇರೆ ವಿಳಾಸ ಸಿಕ್ಕಿತೆಂದರೆ, ಕಂಪ್ಯೂಟರುಗಳು ಕಳಿಸುವ ಪುಟಗಳು ಮನೆ ಬದಲಿಸಿದವರ ಹಳೆಯ ವಿಳಾಸಕ್ಕೆ ಹೋದ ಕಾಗದದಂತೆ ಎಲ್ಲೋ ಸೇರುತ್ತವೆ. ಇದಕ್ಕೆ ಹೆದರಿ ಯಂತ್ರಕ್ಕೆ ಕೈಯಿಂದ ಖಾಯಂ ವಿಳಾಸ ಬರೆದವರು, ಆ ಅಂಕಿ ವಿತರಕನ ಸಂಗ್ರಹದೊಳಗೇ ಇದೆಯೆಂಬುದನ್ನು ನೋಡದಿದ್ದರೆ, ಒಂದು ದಿನ ಅದೇ ವಿಳಾಸ ಯಾರದೋ ಫೋನಿಗೂ ಸಿಗುತ್ತದೆ. ಆಗ ಯಂತ್ರ ಬೆಳಗ್ಗೆ ಮುದ್ರಿಸಿ ಮಧ್ಯಾಹ್ನ ಸುಮ್ಮನಾಗುತ್ತದೆ. ದುರಸ್ತಿಗಾರ ಬರುವ ಹೊತ್ತಿಗೆ ಫೋನಿನ ಒಡೆಯ ಮನೆಗೆ ಹೋಗಿದ್ದು, ಯಂತ್ರದಲ್ಲಿ ಯಾವ ದೋಷವೂ ಕಾಣುವುದಿಲ್ಲ. ಸರಿಯಾದ ದಾರಿ ಎರಡು: ಸಂಗ್ರಹದ ಹೊರಗಿನ ವಿಳಾಸ ಬರೆಯುವುದು, ಅಥವಾ ವಿತರಕನಲ್ಲೇ ಆ ಯಂತ್ರದ ಹೆಸರಿಗೆ ಒಂದನ್ನು ಕಾದಿರಿಸುವುದು. ಎರಡಕ್ಕೂ ಜಾಲವನ್ನು ನೋಡಿಕೊಳ್ಳುವವರ ಒಪ್ಪಿಗೆ ಬೇಕು, ನಕಲು ಯಂತ್ರದವರ ಕೈಯಲ್ಲಿ ಅದಿರುವುದಿಲ್ಲ.

ಮೂರನೆಯ ಪದರವೊಂದು ಒಳ್ಳೆಯ ಸುಳಿವಾಗಿ ಒದಗುತ್ತದೆ. ವಿತರಕ ಉತ್ತರಿಸದಿದ್ದಾಗ ಸಾಧನ ತಾನಾಗಿಯೇ 169.254 ಎಂದು ಆರಂಭವಾಗುವ ವಿಳಾಸವನ್ನು ತೊಟ್ಟುಕೊಳ್ಳುವ ರೂಢಿ ವಿಂಡೋಸ್ 98ರ ಕಾಲದಲ್ಲಿ ಹರಡಿ, 2005ರಲ್ಲಿ ಅಂತರಜಾಲದ ಮಾನದಂಡವಾಯಿತು. ಯಂತ್ರದ ಪರದೆಯಲ್ಲಿ ಈ ಅಂಕಿ ಕಂಡರೆ, ಕೇಬಲ್ಲೋ ವಿತರಕನೋ ಕೈಕೊಟ್ಟಿದೆ, ಮುದ್ರಣದ ತಂತ್ರಾಂಶವನ್ನು ಮುಟ್ಟುವ ಅಗತ್ಯವಿಲ್ಲ ಎಂದು ಅನುಭವಿ ಕೂಡಲೇ ತೀರ್ಮಾನಿಸುತ್ತಾನೆ. ಅದೇ ಮಹಡಿಯವರಿಗೆ ಮುದ್ರಣವಾಗಿ ಬೇರೆ ಮಹಡಿಯವರಿಗೆ ಆಗದಿದ್ದರೆ, ಜಾಲದ ಎಲ್ಲೆಯನ್ನು ಹೇಳುವ ಸಬ್‌ನೆಟ್ ಮಾಸ್ಕ್ ಅಥವಾ ಎಲ್ಲೆಯಾಚೆಗೆ ದಾರಿ ತೋರುವ ಗೇಟ್‌ವೇ ತಪ್ಪಾಗಿದೆ ಎಂಬುದೂ ಇಂಥದೇ ಸುಳಿವು.

ಮರುದನಿಯ ಪರೀಕ್ಷೆ, ಪಿಂಗ್, ಇದಕ್ಕಿಂತ ಹಳೆಯದು. ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್, 1983ರ ಡಿಸೆಂಬರಿನಲ್ಲಿ ವಿಚಿತ್ರವಾಗಿ ವರ್ತಿಸುತ್ತಿದ್ದ ಜಾಲವೊಂದನ್ನು ಅರಿಯಲು ಒಂದೇ ಸಂಜೆಯಲ್ಲಿ ಈ ಪುಟ್ಟ ತಂತ್ರಾಂಶವನ್ನು ಬರೆದರು. ನೀರಿನಡಿ ಹಡಗುಗಳನ್ನು ಹುಡುಕುವ ಸೋನಾರಿನ ಸದ್ದೇ ಅದರ ಹೆಸರಾಯಿತು. ಮರುದನಿ ಬಂದರೆ ಯಂತ್ರದ ಜಾಲಫಲಕ ಎಚ್ಚರವಿದೆ ಎಂದಷ್ಟೇ ತಿಳಿಯುತ್ತದೆ, ಮುದ್ರಣದ ಭಾಗವೂ ಎಚ್ಚರವಿದೆ ಎಂದಲ್ಲ. ಅದಕ್ಕಾಗಿ ಪೋರ್ಟುಗಳನ್ನು, ಎಂದರೆ ಒಂದೇ ವಿಳಾಸದಲ್ಲಿ ಬೇರೆ ಬೇರೆ ಸೇವೆಗಳಿಗೆ ಮೀಸಲಾದ ಸಂಖ್ಯೆಗಳನ್ನು, ವಿಚಾರಿಸಬೇಕಾಗುತ್ತದೆ: ಬರ್ಕ್ಲಿ ಯೂನಿಕ್ಸ್‌ನಿಂದ ಬಂದ 515, ಎಚ್‌ಪಿಯ ಜೆಟ್‌ಡೈರೆಕ್ಟ್ ಫಲಕಗಳಿಂದ ರೂಢಿಗೆ ಬಂದ 9100, ಅಂತರಜಾಲ ಮುದ್ರಣ ನಿಯಮದ 631.

ಇಷ್ಟೆಲ್ಲ ಸರಿಯಿದ್ದೂ ಸಾವಿರಾರು ಕಚೇರಿಗಳ ಯಂತ್ರಗಳು ಏಕಾಏಕಿ ಸ್ಕ್ಯಾನ್ ಕಳಿಸುವುದನ್ನು ನಿಲ್ಲಿಸಿದ ಪ್ರಸಂಗ ಈ ಚರಿತ್ರೆಯ ಇತ್ತೀಚಿನ ದೊಡ್ಡ ಘಟನೆ. ಸ್ಕ್ಯಾನ್ ಮಾಡಿದ ಕಾಗದವನ್ನು ಕಂಪ್ಯೂಟರಿನ ಹಂಚಿಕೆಯ ಕಡತಕೋಶಕ್ಕೆ ಹಾಕುವಾಗ ಯಂತ್ರ ಬಳಸುವ ಎಸ್‌ಎಂಬಿ ಎಂಬ ನಿಯಮದ ಮೂಲರೂಪವನ್ನು 1980ರ ದಶಕದ ಆರಂಭದಲ್ಲಿ ಐಬಿಎಂನ ಬ್ಯಾರಿ ಫೈಗನ್‌ಬಾಮ್ ರೂಪಿಸಿದ್ದರು. ಅದರ ಮೊದಲ ಆವೃತ್ತಿಯ ದೌರ್ಬಲ್ಯವನ್ನು ಬಳಸಿಕೊಂಡು 2017ರ ಮೇ 12ರಂದು ವನ್ನಾಕ್ರೈ ಎಂಬ ಸುಲಿಗೆಯ ತಂತ್ರಾಂಶ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹಬ್ಬಿತು. ಅದೇ ವರ್ಷದ ಅಕ್ಟೋಬರಿನಿಂದ ಬಂದ ವಿಂಡೋಸ್ 10ರ ಆವೃತ್ತಿಗಳ ಹೊಸ ಸ್ಥಾಪನೆಗಳಲ್ಲಿ ಮೈಕ್ರೊಸಾಫ್ಟ್ ಆ ಹಳೆಯ ಆವೃತ್ತಿಯನ್ನು ಕೈಬಿಟ್ಟಿತು. ಹತ್ತು ವರ್ಷ ಬಾಳಲೆಂದು ಕಟ್ಟಿದ ನಕಲು ಯಂತ್ರಗಳಲ್ಲಿ ಅನೇಕಕ್ಕೆ ಹೊಸ ಆವೃತ್ತಿ ತಿಳಿದಿರಲಿಲ್ಲ. ಕಚೇರಿಯಲ್ಲಿ ಹೊಸ ಕಂಪ್ಯೂಟರು ಬಂದ ದಿನ ಯಂತ್ರ ‘ಸಂಪರ್ಕ ವಿಫಲ’ ಎಂದು ಹೇಳಿತು. ದೂರು ಹೋದದ್ದು ನಕಲು ಯಂತ್ರದವರಿಗೆ. ಅನೇಕರು ಕಂಡುಕೊಂಡ ಸುಲಭದ ದಾರಿ, ಮುಚ್ಚಿದ್ದ ಹಳೆಯ ನಿಯಮವನ್ನು ಕಂಪ್ಯೂಟರಿನಲ್ಲಿ ಮತ್ತೆ ತೆರೆಯುವುದು, ಒಂದು ಸ್ಕ್ಯಾನಿಗಾಗಿ ಇಡೀ ಕಚೇರಿಯನ್ನು ಅದೇ ಅಪಾಯಕ್ಕೆ ಮರಳಿ ಒಡ್ಡುವ ಕ್ರಮವಾಗಿತ್ತು. ಯಂತ್ರದ ಒಳತಂತ್ರಾಂಶವನ್ನು ನವೀಕರಿಸುವುದು, ಅದಾಗದಿದ್ದರೆ ಸ್ಕ್ಯಾನನ್ನು ಬೇರೆ ನಿಯಮದ ಮೂಲಕ ಕಳಿಸುವುದು ಯೋಗ್ಯವಾದ ಪರಿಹಾರ. ಯಂತ್ರದ ಗಡಿಯಾರವೂ ಇದೇ ಬಗೆಯ ಕಾರಣವಾಗಬಲ್ಲದು. ದೊಡ್ಡ ಕಚೇರಿಗಳಲ್ಲಿ ಗುರುತು ದೃಢಪಡಿಸುವ ಕೆರ್ಬೆರೋಸ್ ಪದ್ಧತಿ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ಸಮಯದ ವ್ಯತ್ಯಾಸವನ್ನು ಒಪ್ಪುವುದಿಲ್ಲವಾದ್ದರಿಂದ, ಗಡಿಯಾರ ತಪ್ಪಿದ ಯಂತ್ರ ಸರಿಯಾದ ಗುಪ್ತಪದ ಕೊಟ್ಟರೂ ಹೊರಗೇ ಉಳಿಯುತ್ತದೆ.

ಭಾರತದಲ್ಲಿ ನಕಲು ಯಂತ್ರದ ವ್ಯಾಪಕ ಬಳಕೆಗೆ ನಾಂದಿಯಾದದ್ದು 1983ರಲ್ಲಿ ಸ್ಥಾಪನೆಯಾಗಿ ಉತ್ತರ ಪ್ರದೇಶದ ರಾಂಪುರದಲ್ಲಿ ಕಾರ್ಖಾನೆ ತೆರೆದ ಮೋದಿ ಜೆರಾಕ್ಸ್. ಕರ್ನಾಟಕದಲ್ಲಿ ಈ ಯಂತ್ರ ಕಚೇರಿಗಳಷ್ಟೇ ಗಾಢವಾಗಿ ಬೇರೂರಿದ್ದು ನ್ಯಾಯಾಲಯ, ಕಾಲೇಜು, ತಾಲ್ಲೂಕು ಕಚೇರಿಗಳ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ. ಡ್ರಮ್ಮು, ಆವೇಶ ತುಂಬುವ ತಂತಿ, ಪುಡಿಯನ್ನು ಕರಗಿಸಿ ಕಾಗದಕ್ಕೆ ಕೂರಿಸುವ ಬಿಸಿ ರೋಲರುಗಳನ್ನು ಕಣ್ಣು ಕಿವಿ ಮೂಗುಗಳಿಂದಲೇ ಅರಿತು ರಿಪೇರಿ ಮಾಡುವ ಕುಶಲಿಗಳ ತಲೆಮಾರೊಂದು ಆ ಅಂಗಡಿಗಳನ್ನು ನೆಚ್ಚಿ ಬೆಳೆಯಿತು. ಅವರ ಜ್ಞಾನ ಅಮೆರಿಕದಲ್ಲಿ ಓರ್ ಕಂಡ ಜ್ಞಾನಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯದಲ್ಲ, ಅದಕ್ಕಿಂತ ಕಷ್ಟದ ಸ್ಥಿತಿಯಲ್ಲಿ, ಕೈಪಿಡಿಯಾಗಲಿ ಮೂಲ ಬಿಡಿಭಾಗವಾಗಲಿ ಸುಲಭವಾಗಿ ಸಿಗದೆ ಕಲಿತದ್ದು. ಅದೇ ಕುಶಲಿಗಳು ಇಂದು ಜಾಲಕ್ಕೆ ಸೇರಿದ ಯಂತ್ರಗಳ ಮುಂದೆ ನಿಲ್ಲುತ್ತಾರೆ. ಕೆಟ್ಟಿರುವುದು ಎದುರಿಗಿರುವ ಯಂತ್ರವಲ್ಲ ಎಂದು ಅವರಿಗೆ ಗೊತ್ತಾದರೂ, ಕೆಟ್ಟಿರುವ ಕಡೆಗೆ ಕೈಹಾಕುವ ಅಧಿಕಾರ ಅವರಿಗಿರುವುದಿಲ್ಲ. ಸಾಮಾನ್ಯವಾಗಿ ಯಂತ್ರದ ವಾರ್ಷಿಕ ನಿರ್ವಹಣೆಯ ಕರಾರು ಡ್ರಮ್ಮು, ಪುಡಿ, ರೋಲರುಗಳನ್ನು ಒಳಗೊಂಡು ಕೇಬಲ್ಲಿನ ಕೊಂಡಿಯ ಬಳಿ ಮುಗಿಯುತ್ತದೆ, ಜಾಲದವರ ಕರಾರು ಗೋಡೆಯ ಕೊಂಡಿಯ ಬಳಿ ಮುಗಿಯುತ್ತದೆ. ನಡುವಣ ಒಂದೆರಡು ಮೀಟರ್ ಕೇಬಲ್, ವಿಳಾಸದ ನಾಲ್ಕು ಸಂಖ್ಯೆ, ಸ್ಕ್ಯಾನಿಗಾಗಿ ತೆರೆದ ಖಾತೆಯ ಗುಪ್ತಪದ ಇವು ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ. ಯಂತ್ರವನ್ನು ಕೂರಿಸುವ ದಿನವೇ ಈ ಮೂರರ ಹೊಣೆಯನ್ನು ಎರಡರಲ್ಲೊಂದು ಕರಾರಿಗೆ ಬರೆಸಿ, ವಿಳಾಸ, ಮಾಸ್ಕ್, ಗೇಟ್‌ವೇಗಳನ್ನು ನಮೂದಿಸಿ ಯಂತ್ರವೇ ಮುದ್ರಿಸಿಕೊಡುವ ಸಂರಚನೆಯ ಪುಟವನ್ನು ಎರಡೂ ಕಡೆಯವರ ಕೈಗೆ ಒಂದೊಂದು ಪ್ರತಿ ಕೊಟ್ಟಿರುವ ಕಚೇರಿಯಲ್ಲಿ, ಜಾಲ ಕಳಚಿದ ಯಂತ್ರದ ಬಳಿಗೆ ಮೊದಲು ಯಾರು ಬರಬೇಕೆಂಬ ವಾದಕ್ಕೆ ಎಡೆಯಿರುವುದಿಲ್ಲ.